ಇಬ್ಬರು ಹೊಸೆ ದಾಮಸೊ, ಒಂದೇ ಮೇಣದಬತ್ತಿ

ಬೆಳಗಿನ ಆರು ಗಂಟೆ. ಪುಲೆವಾಪಿ ದ್ವೀಪದ ಪಾದ್ರಿಮನೆಯ ಹಿಂಬದಿ ಕೋಣೆಯಲ್ಲಿ ಕಬ್ಬಿಣದ ಒಲೆ ಈಗಷ್ಟೇ ಹತ್ತಿಕೊಂಡಿದೆ. ಎದುವಿನಾ ರೆಮೋಲ್ಕಾಯ್ ಒಲೆಯ ಸುತ್ತ ನಾಲ್ಕು ಕುರ್ಚಿ ಹಾಕಿ, ಒಂದೊಂದರ ಮೇಲೂ ಒಂದೊಂದು ದಪ್ಪ ಪುಸ್ತಕ ಬಿಡಿಸಿಟ್ಟಿದ್ದಾರೆ. ಹುಟ್ಟಿದವರ ಪುಸ್ತಕ, ಮದುವೆಯಾದವರ ಪುಸ್ತಕ, ಮಣ್ಣಾದವರ ಪುಸ್ತಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಳಿಗಾಲವಿಡೀ ಕುಡಿದ ತೇವವನ್ನು ಅವು ಈಗ ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಎದ್ದು ಹಾಳೆ ತಿರುವುತ್ತಾರೆ, ಕಾವಲಿ ಮೇಲಿನ ರೊಟ್ಟಿಯನ್ನು ಮಗುಚಿದ ಹಾಗೆ.

ಮೇಜಿನ ಮೇಲೆ ಮೂರು ಆಲೂಗಡ್ಡೆ ಇವೆ. ಒಂದು ಕಪ್ಪು, ಒಂದು ಕೆಂಪು, ಇನ್ನೊಂದು ಗೋಲಿಯಷ್ಟು ಪುಟ್ಟದು. ಕಳೆದ ಸುಗ್ಗಿಯವು, ಮೈ ಸುಕ್ಕಾಗಿ ಮೊಳಕೆ ಬಂದಿವೆ. ಬೆಳಗಿನ ತಿಂಡಿಗಿರಬೇಕು ಅಂದುಕೊಂಡು ಪುಟ್ಟದನ್ನು ಪಕ್ಕಕ್ಕೆ ಸರಿಸಿ ನನ್ನ ಚೀಲ ಇಡಲು ಹೋಗುತ್ತೇನೆ.

"ಅಯ್ಯಯ್ಯೋ, ಮುಟ್ಟಬೇಡ್ವೋ! ಆ ಮಗು ಸತ್ತಿದೆ!"

ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಎದುವಿನಕ್ಕ ಪುಟ್ಟ ಆಲೂಗಡ್ಡೆಯನ್ನು ಮತ್ತೆ ಅದರ ಜಾಗಕ್ಕೇ ಇಟ್ಟು, ಕೆಂಪನ್ನು ಎತ್ತಿ ನೋಡಿ, ಕೆಳಗಿಟ್ಟು, ಸೆರಗಿನಂಥ ಉದ್ದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ. ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಾರೆ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು.

ಊರಿನಲ್ಲಿ ಯಾರನ್ನು ಕೇಳಿದರೂ ಅವರು ಪಾದ್ರಿಮನೆಯ ಕಸ ಗುಡಿಸುವ ಹೆಂಗಸು. ಅದು ಸುಳ್ಳಲ್ಲ. ಇಪ್ಪತ್ತೇಳು ವರ್ಷದಿಂದ ಇಲ್ಲಿ ಗುಡಿಸುತ್ತಾರೆ, ಒಲೆ ಹಚ್ಚುತ್ತಾರೆ, ಇಗರ್ಜಿಯ ಬಟ್ಟೆ ಒಗೆದು ಗಂಜಿ ಹಾಕುತ್ತಾರೆ. ಆದರೆ ದಕ್ಷಿಣದ ಕುರಿಮಂದೆಯ ಸೀಮೆಗೆ ವಲಸೆ ಹೋದ ನಮ್ಮವರ ಮೊಮ್ಮಕ್ಕಳು ದೋಣಿ ಇಳಿದು "ನಮ್ಮ ಮುತ್ತಾತ ಯಾರ ಮಗ?" ಅಂತ ಕೇಳುವಾಗ ಪಾದ್ರಿಗಳು ಬೆರಳು ತೋರಿಸುವುದು ಈ ಹಿಂಬದಿ ಕೋಣೆಯ ಕಡೆಗೇ. ಹದಿನಾಲ್ಕು ಇಗರ್ಜಿಗಳ ನಲವತ್ತೊಂದು ಪುಸ್ತಕ ಅವರ ಸುಪರ್ದಿಯಲ್ಲಿವೆ. ದಿನಕ್ಕೆ ಹತ್ತು ಹಾಳೆ ಓದುತ್ತಾರೆ, ಹನ್ನೊಂದನೆಯದಕ್ಕೆ ಕಣ್ಣು ಒಪ್ಪುವುದಿಲ್ಲ. ಇಲ್ಲಿಯವರೆಗೆ ಇನ್ನೂರ ಮೂವತ್ತು ಮನೆಯವರಿಗೆ ಅವರವರ ಅಪ್ಪಂದಿರನ್ನು ಹುಡುಕಿಕೊಟ್ಟಿದ್ದಾರೆ.

ಪುಲೆವಾಪಿಯಲ್ಲಿ ಹೆಸರಿಗೆ ಬರ. ಮೊದಲ ಗಂಡುಮಗುವಿಗೆ ಅಜ್ಜನ ಹೆಸರು ಇಡಲೇಬೇಕು. ಅಣ್ಣತಮ್ಮಂದಿರು ಐವರಿದ್ದರೆ ಐದೂ ಮನೆಯಲ್ಲಿ ಒಂದೇ ಹೆಸರಿನ ಐವರು ಬೆಳೆಯುತ್ತಾರೆ. ಮಗು ತೀರಿಕೊಂಡರೆ ಆ ಹೆಸರು ಮುಂದಿನ ಮಗುವಿಗೆ. ನಮ್ಮಮ್ಮನ ಕಡೆಯಲ್ಲೇ ಮೂವರು ಕಾಂದೆಲಾರಿಯೊ ಇದ್ದರು. ಅದರಲ್ಲಿ ಯಾವನು ನನ್ನ ಮುತ್ತಾತ, ಯಾವನು ಅವನ ಚಿಕ್ಕಪ್ಪ ಅಂತ ಬಿಡಿಸಿಕೊಟ್ಟವರು ಎದುವಿನಕ್ಕನೇ. ಆ ಋಣಕ್ಕೇ ಈ ವಾರ ಅವರ ಬಗ್ಗೆ ಬರೆಯುತ್ತೇನೆಂದು ಸಂಪಾದಕರ ಮುಂದೆ ಹಟ ಹಿಡಿದು ಬಂದಿದ್ದೇನೆ.

"ಆಲೂಗಡ್ಡೆ ಯಾಕಕ್ಕಾ?" ಅಂತ ಕೇಳುತ್ತೇನೆ.

"ಕಾಗದದ ಮೇಲೆ ಹೊಸೆ, ಹೊಸೆ, ಹೊಸೆ ಅಂತ ಬರೀತಾ ಹೋದ್ರೆ ಕಣ್ಣು ಮೋಸ ಮಾಡುತ್ತೆ ಕಣೋ. ಅದಕ್ಕೇ ಒಬ್ಬೊಬ್ಬನಿಗೆ ಒಂದೊಂದು ಜಾತಿ ಗಡ್ಡೆ. ಯಾರು ಯಾರು ಅಂತ ಕೈಗೆ ಗೊತ್ತಾಗ್ಬೇಕು. ಅಪ್ಪನ್ನ ಮೇಲಿಡೋದು, ಮಗನ್ನ ಕೆಳಗಿಡೋದು. ಸರಿಹೊಂದ್ಲಿಲ್ಲ ಅಂದ್ರೆ ಎತ್ತಿ ಬೇರೆ ಕಡೆ ಇಡೋದು."

"ಕೆಲಸ ಮುಗಿದ ಮೇಲೆ?"

"ಬೇಯಿಸಿ ತಿನ್ನೋದು. ನಿನ್ನ ಮುತ್ತಾತ ಚೆನ್ನಾಗಿ ಬೆಂದಿದ್ದ, ಹಿಟ್ಟುಹಿಟ್ಟಾಗಿ."

ನಾನು ನಗುತ್ತೇನೆ. ಅವರು ನಗುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾರೆ. ಅಕ್ಟೋಬರ್ ಇಪ್ಪತ್ತೊಂಬತ್ತು. "ಇನ್ನು ಮೂರೇ ದಿನ" ಅಂತ ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾರೆ.

ಮೂರು ದಿನದಲ್ಲಿ ಏನು ಅನ್ನುವುದು ಇಲ್ಲಿನವರಿಗೆ ಹೇಳಬೇಕಿಲ್ಲ. ನವೆಂಬರ್ ಎರಡು ಸತ್ತವರ ದಿನ. ಹಿಂದಿನ ದಿನವೇ ಪ್ರತಿ ಮನೆಯವರೂ ತಮ್ಮ ಸತ್ತವರ ಪಟ್ಟಿಯನ್ನು ಊರಿನ ಪ್ರಾರ್ಥನೆ ನಡೆಸುವ ಇಗರ್ಜಿಯ ಗುರಿಕಾರರ ಕೈಗೆ ಕೊಡಬೇಕು. ಮಾರನೆಯ ದಿನ ಅವರು ಒಂದೊಂದೇ ಹೆಸರು ಓದುತ್ತಾರೆ, ಉಳಿದವರು "ಬೆಳಕು ಕಾಣಲಿ" ಅನ್ನುತ್ತಾರೆ. ಬರೀ ಹೆಸರು ಸಾಲದು. ಇಂಥವನ ಮತ್ತು ಇಂಥವಳ ಮಗ ಅಂತ ಅಪ್ಪ ಅಮ್ಮನನ್ನೂ ಸೇರಿಸಬೇಕು. ಇಲ್ಲದಿದ್ದರೆ ನಮ್ಮ ಮೂವರು ಕಾಂದೆಲಾರಿಯೊಗಳಲ್ಲಿ ಆ ಬೆಳಕು ಯಾವನಿಗೆ ಹೋಗಬೇಕು? ಅಪ್ಪ ಅಮ್ಮನ ಹೆಸರು ತಪ್ಪಿದರೆ ಪ್ರಾರ್ಥನೆ ಬೇರೆಯವರ ಮನೆಬಾಗಿಲಿಗೆ ಹೋದ ಕಾಗದದ ಹಾಗೆ. ನಿಜವಾದವನು ಅಲ್ಲೆಲ್ಲೋ ಕತ್ತಲಲ್ಲಿ, ನನ್ನವರು ಇವತ್ತು ಕರೆಯಬಹುದು, ನಾಳೆ ಕರೆಯಬಹುದು ಅಂತ ಕಾಯುತ್ತಲೇ ಇರುತ್ತಾನೆ. ಕೇಳುವವರಿಗೆ ತಮಾಷೆ ಅನ್ನಿಸಬಹುದು. ನನಗೂ ಪೇಟೆಯಲ್ಲಿದ್ದಾಗ ಹಾಗೇ ಅನ್ನಿಸುತ್ತಿತ್ತು. ದೋಣಿ ಇಳಿದ ಮೇಲೆ ಅನ್ನಿಸುವುದಿಲ್ಲ.

"ಯಾರದಾದರೂ ತಪ್ಪು ಸಿಕ್ಕಿದೆಯಾ?" ಅಂತ ಕೇಳುತ್ತೇನೆ.

"ಸಿಕ್ಕಿದೆ."

"ಯಾರದು?"

ಎದುವಿನಕ್ಕ ಎದ್ದು ಹಾಳೆ ತಿರುವುತ್ತಾರೆ. ಬೆನ್ನು ನನ್ನ ಕಡೆಗಿದೆ.

"ನಂದೇ ಕಣೋ."

*

ಅವರಿಗೀಗ ಅರವತ್ತಾರು. ಓದಿದ್ದು ಐದನೇ ತರಗತಿ. ಆಮೇಲೆ ಅಮ್ಮನ ಜೊತೆ ಇಳಿತದ ಹೊತ್ತಿಗೆ ದಂಡೆಗೆ ಹೋಗಿ ಕಡಲಪಾಚಿ ಒಟ್ಟುಮಾಡುವ ಕೆಲಸ. ಮೂವತ್ತೊಂಬತ್ತಕ್ಕೆ ಗಂಡ ತೀರಿಕೊಂಡರು, ಮಕ್ಕಳಿಲ್ಲ. ತಣ್ಣೀರಲ್ಲಿ ನಿಂತು ನಿಂತು ಮಂಡಿ ಹಿಡಿದುಕೊಂಡಿತ್ತು. ಆಗಿನ ಪಾದ್ರಿಗಳು ಒಳಗಿನ ಕೆಲಸ ಮಾಡು ಅಂತ ಕರೆದುಕೊಂಡರು. ಪುಸ್ತಕಗಳ ಧೂಳು ಹೊಡೆಯುತ್ತಾ ಒಂದು ದಿನ ತಮ್ಮದೇ ಅಜ್ಜಿಯ ಮದುವೆಯ ಸಾಲು ಕಣ್ಣಿಗೆ ಬಿತ್ತಂತೆ. ಹಳೆಯ ಕೈಬರಹ, ಕೊಕ್ಕೆಕೊಕ್ಕೆ ಅಕ್ಷರ, ಒಂದು ಪದ ಬಿಡಿಸಲು ಅರ್ಧ ದಿನ. ಪಾದ್ರಿಗಳ ಬೆನ್ನುಬಿದ್ದು ಕಲಿತರು.

"ಕಸಬರಿಕೆ ಹಿಡ್ಕೊಂಡೇ ಕೇಳ್ತಿದ್ದೆ, ಇದು ‘ಎಸ್’ ಅಕ್ಷರಾನಾ, ‘ಎಲ್’ ಅಕ್ಷರಾನಾ ಅಂತ. ಪಾಪ, ಆ ಮನುಷ್ಯ ನನ್ನ ಕಂಡ್ರೆ ಹಿಂಬಾಗಿಲಿಂದ ಓಡ್ತಿದ್ದ" ಅನ್ನುತ್ತಾರೆ.

ಈ ಕೆಲಸಕ್ಕೆ ಸಂಬಳವಿಲ್ಲ. ಸಂಬಳ ಕಸ ಗುಡಿಸುವುದಕ್ಕೆ. ಅಪ್ಪನನ್ನು ಹುಡುಕಿಕೊಟ್ಟದ್ದಕ್ಕೆ ಜನ ಮೊಟ್ಟೆ ತಂದುಕೊಡುತ್ತಾರೆ, ಉಣ್ಣೆ ತಂದುಕೊಡುತ್ತಾರೆ, ಹೊಗೆಗೆ ಒಣಗಿಸಿದ ಚಿಪ್ಪುಮೀನಿನ ಸರ ತಂದುಕೊಡುತ್ತಾರೆ. ಒಬ್ಬ ಪುಣ್ಯಾತ್ಮ ಹುಂಜ ತಂದುಕೊಟ್ಟಿದ್ದ. ಅದು ಹುಟ್ಟಿದವರ ಪುಸ್ತಕದ ಮೇಲೆ ನಿಂತು ಕೂಗಿದ್ದರಿಂದ ಅದೇ ಭಾನುವಾರ ಸಾರಾಯಿತು.

ಅವರ ತಪ್ಪು ಹನ್ನೊಂದು ವರ್ಷ ಹಳೆಯದು. ದ್ವೀಪದ ತುದಿಯ ಮನೆಯ ಓರ್ಫೆಲಿನಾ ಹುವೆಂಚೂರ್ ಆಗ ಎಪ್ಪತ್ತಮೂರರವರು, ಈಗ ಎಂಬತ್ನಾಲ್ಕು. ಹುಟ್ಟುವ ಮೊದಲೇ ಅಪ್ಪ ದೋಣಿ ಸಮೇತ ಕಾಣೆಯಾಗಿದ್ದ. ದಕ್ಷಿಣದ ದ್ವೀಪಗಳಿಗೆ ಮರ ಕಡಿಯಲು ಹೋದವನು ಬರಲೇ ಇಲ್ಲ. ಅಮ್ಮ ಹೆರಿಗೆಯಲ್ಲೇ ಹೋದಳು. ಬೇರೆಯವರ ಒಲೆ ಮುಂದೆ ಬೆಳೆದ ಹುಡುಗಿಗೆ ಅಪ್ಪನೆಂದರೆ ಒಂದು ಹೆಸರು ಅಷ್ಟೆ: ಹೊಸೆ ದಾಮಸೊ ಹುವೆಂಚೂರ್. ಯಾರ ಮಗ ಅಂತ ಗೊತ್ತಿಲ್ಲದ್ದರಿಂದ ಅವಳ ಪಟ್ಟಿಯಲ್ಲಿ ಆ ಹೆಸರು ಎಪ್ಪತ್ತು ವರ್ಷ ಅರ್ಧವೇ ಇತ್ತು. ಎದುವಿನಾಳ ಹತ್ತಿರ ಬಂದು, "ನಮ್ಮಪ್ಪನಿಗೆ ಅಪ್ಪ ಅಮ್ಮನ್ನ ಹುಡುಕಿಕೊಡೇ. ಅನಾಥನ ಹಾಗೆ ಓದಿಸೋಕೆ ನನಗೆ ನಾಚಿಕೆ" ಅಂದಿದ್ದಳಂತೆ.

ಎದುವಿನಕ್ಕ ಹುಡುಕಿದರು. ಮುದುಕ ಹೊಸೆ ದಾಮಸೊಗೆ ಇಬ್ಬರು ಗಂಡುಮಕ್ಕಳು, ಪಾಸ್ಕುವಾಲ್ ಮತ್ತು ದೊಮಿಂಗೊ. ಇಬ್ಬರೂ ಸಂಪ್ರದಾಯದಂತೆ ತಮ್ಮ ಮೊದಲ ಮಗನಿಗೆ ಅಪ್ಪನ ಹೆಸರಿಟ್ಟಿದ್ದರು. ದೊಮಿಂಗೊನ ಮಗ ಹನ್ನೊಂದು ತಿಂಗಳಿಗೇ ತೀರಿಕೊಂಡಿದ್ದ, ಮಣ್ಣಾದವರ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಲ್ಲಿಗೆ ಉಳಿದವನು ಒಬ್ಬನೇ, ಪಾಸ್ಕುವಾಲ್ ಮತ್ತು ಬಾರ್ತೋಲಾಳ ಮಗ. ಪಟ್ಟಿ ಪೂರ್ತಿಯಾಯಿತು. ಓರ್ಫೆಲಿನಾ ಅಳುತ್ತಾ ಎದುವಿನಾಳ ಕೈ ಹಿಡಿದು, ಒಂದು ಬುಟ್ಟಿ ಸೇಬು ಕೊಟ್ಟು ಹೋದಳು. ಸ್ಮಶಾನದಲ್ಲಿ ಖಾಲಿ ಗೋರಿ ಕಟ್ಟಿಸಿ, ಮೇಲೆ ಪುಟ್ಟ ಮರದ ಮನೆ ಮಾಡಿಸಿ, "ಪಾಸ್ಕುವಾಲ್ ಬಾರ್ತೋಲಾರ ಮಗ" ಅಂತ ಬಿಳಿ ಬಣ್ಣದಲ್ಲಿ ಬರೆಸಿದಳು. ಹನ್ನೊಂದು ವರ್ಷದಿಂದ ಪ್ರತಿ ನವೆಂಬರ್ ಎರಡರಂದು ಮೇಜಿನ ತುದಿಗೆ ಒಂದು ಕುರ್ಚಿ ಹಾಕಿ, ಮೇಣದಬತ್ತಿ ಹಚ್ಚಿ, ಬಿಸಿ ಮಿಲ್ಕಾವ್ ರೊಟ್ಟಿ ಇಟ್ಟು, "ಅಪ್ಪಾ, ತಣ್ಣಗಾಗುತ್ತೆ, ತಿನ್ನು" ಅನ್ನುತ್ತಾಳೆ.

ಈ ಚಳಿಗಾಲದಲ್ಲಿ ಆಚೆ ದಂಡೆಯ ಇಗರ್ಜಿಯ ಮಾಡು ಸೋರಿತು. ಅಲ್ಲಿನ ಪುಸ್ತಕಗಳನ್ನು ಒಣಗಿಸಲು ಇಲ್ಲಿಗೆ ತಂದರು. ಹದಿನೈದು ದಿನದ ಹಿಂದೆ ಬೆಳಿಗ್ಗೆ, ಇದೇ ಒಲೆಯ ಮುಂದೆ, ಹಾಳೆ ತಿರುವುತ್ತಿದ್ದ ಎದುವಿನಕ್ಕನ ಕಣ್ಣಿಗೆ ಒಂದು ಸಾಲು ಬಿತ್ತು. ಅವರು ಅದನ್ನು ನನಗೆ ಬಾಯಿಪಾಠದಂತೆ ಹೇಳುತ್ತಾರೆ: "ಹೊಸೆ ದಾಮಸೊ, ವಯಸ್ಸು ಎರಡು ವರ್ಷ ನಾಲ್ಕು ತಿಂಗಳು, ದೊಮಿಂಗೊ ಹುವೆಂಚೂರ್ ಮತ್ತು ತ್ರಾನ್ಸಿತೊ ಇವರ ಮಗ, ಮನೆನೀರು ಹಾಕಿದ್ದಾಗಿದೆ."

ಮನೆನೀರು ಅಂದರೆ ಪಾದ್ರಿಯ ದೋಣಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುತ್ತಿದ್ದ ಕಾಲದ ಏರ್ಪಾಡು. ಮಗು ಹೆಸರಿಲ್ಲದೆ ಸಾಯಬಾರದೆಂದು ಗುರಿಕಾರರೇ ಮನೆಗೆ ಬಂದು ತಲೆ ಮೇಲೆ ನೀರು ಹಾಕಿ ಹೆಸರಿಡುತ್ತಿದ್ದರು. ಪಾದ್ರಿ ಬಂದಾಗ ಪುಸ್ತಕಕ್ಕೆ ಏರಿಸುವುದು. 1914ರಲ್ಲಿ ಗಾಳಿ ಎದ್ದು ಪಾದ್ರಿಯ ದೋಣಿ ಈ ದಂಡೆಗೆ ಬರಲಾಗದೆ ಆಚೆ ದಂಡೆಯಲ್ಲೇ ನಿಂತಿತಂತೆ. ನಮ್ಮವರು ಮಕ್ಕಳನ್ನು ಹೊತ್ತುಕೊಂಡು ಹುಟ್ಟು ಹಾಕಿಕೊಂಡು ಅಲ್ಲಿಗೇ ಹೋದರು. ಹೀಗಾಗಿ ನಮ್ಮ ಮಗು ಅವರ ಪುಸ್ತಕದಲ್ಲಿ ಕೂತಿತು.

ದೊಮಿಂಗೊ ತನ್ನ ಸತ್ತ ಮಗನ ಹೆಸರನ್ನು ಮುಂದಿನ ಮಗನಿಗೆ ಇಟ್ಟಿದ್ದ. ಎದುವಿನಕ್ಕ ಸತ್ತ ಅಣ್ಣನ ಲೆಕ್ಕದಲ್ಲಿ ಬದುಕಿದ್ದ ತಮ್ಮನನ್ನೂ ಹೊಡೆದುಹಾಕಿದ್ದರು.

"ನಿಂಗೆ ಗೊತ್ತೇನೋ, ಎದುವಿನಾ ಅನ್ನೋ ಹೆಸರು ನಂದಲ್ಲ" ಅನ್ನುತ್ತಾರೆ. "ನಮ್ಮಕ್ಕಂದು. ಒಂದೂವರೆ ವರ್ಷಕ್ಕೆ ಹೋಯ್ತು ಆ ಮಗು. ಎರಡು ವರ್ಷಕ್ಕೆ ನಾನು ಹುಟ್ಟಿದೆ, ಅದೇ ಹೆಸರಿಟ್ಟರು. ಅವಳ ಅಂಗೀನೇ ಹಾಕ್ಕೊಂಡು ಬೆಳೆದೋಳು ನಾನು. ಈ ಪ್ರಪಂಚದಲ್ಲಿ ಯಾರು ಮರೆತರೂ ನಾನು ಮರೀಬಾರದಿತ್ತು. ಕತ್ತೆ ಕಣೋ ನಾನು, ಕತ್ತೆ!"

ಒಲೆಯ ಹತ್ತಿರದ ಪುಸ್ತಕವೊಂದರಿಂದ ಸೀದ ವಾಸನೆ ಬರುತ್ತದೆ. ಇಬ್ಬರೂ ಒಟ್ಟಿಗೇ ಎದ್ದು ಓಡುತ್ತೇವೆ. ಹಾಳೆಯ ಅಂಚು ಕಂದಾಗಿದೆ, ಅಕ್ಷರಕ್ಕೇನೂ ಆಗಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲು ಅಂತ ಅವರು ಎದೆ ಮೇಲೆ ಕೈಯಿಟ್ಟುಕೊಂಡು ಕೂರುತ್ತಾರೆ.

*

ಅದೇ ಹೆಸರಿನ ಇನ್ನೊಬ್ಬ ಇದ್ದ ಮಾತ್ರಕ್ಕೆ ಅವನೇ ಓರ್ಫೆಲಿನಾಳ ಅಪ್ಪನಾಗಬೇಕಿಲ್ಲವಲ್ಲ? ನಾನೂ ಅದನ್ನೇ ಕೇಳುತ್ತೇನೆ, ಅವರಿಗೆ ಸಮಾಧಾನವಾಗಲಿ ಅಂತ.

ಎದುವಿನಕ್ಕ ಒಂದು ತೆಳು ಪುಸ್ತಕ ತೆಗೆದು ನನ್ನ ಮುಂದಿಡುತ್ತಾರೆ. ಯಾರ ಆತ್ಮಕ್ಕಾಗಿ ಯಾರು ಪೂಜೆ ಬೇಡಿದರು ಅಂತ ಬರೆದಿಟ್ಟ ಪುಸ್ತಕ. 1936ರ ಒಂದು ಸಾಲಿನ ಕೆಳಗೆ ಉಣ್ಣೆಯ ಎಳೆ ಇಟ್ಟಿದ್ದಾರೆ. "ಬಾರ್ತೋಲಾ, ಪಾಸ್ಕುವಾಲನ ವಿಧವೆ, ದಕ್ಷಿಣದಲ್ಲಿ ಕುರಿ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಜ್ವರದಿಂದ ತೀರಿಕೊಂಡ ಅವಿವಾಹಿತ ಮಗ ಹೊಸೆ ದಾಮಸೊನಿಗಾಗಿ."

ಓರ್ಫೆಲಿನಾ ಹುಟ್ಟಿದ್ದು 1940ರಲ್ಲಿ. ನಾಲ್ಕು ವರ್ಷದ ಹಿಂದೆ ಸತ್ತವನು ಅಪ್ಪನಾಗಲಾರ.

"ಈ ಪುಸ್ತಕ ಆಗಲೂ ಇಲ್ಲೇ ಇತ್ತು" ಅನ್ನುತ್ತಾರೆ. "ತೆಗೆದೇ ನೋಡ್ಲಿಲ್ಲ. ಯಾಕೆ ನೋಡ್ಲಿ? ಅಷ್ಟು ಖಾತ್ರಿಯಿತ್ತಲ್ಲ ನಂಗೆ!"

ಹದಿನೈದು ದಿನದಿಂದ ಅವರು ಓರ್ಫೆಲಿನಾಳ ಮನೆ ಕಡೆಯ ದಾರಿ ಬಿಟ್ಟು ಸುತ್ತು ಹಾಕಿ ಓಡಾಡುತ್ತಿದ್ದಾರೆ. ಒಮ್ಮೆ ಬಾಗಿಲವರೆಗೆ ಹೋಗಿ ಬಂದರಂತೆ. ಮುದುಕಿ ಒಳಗೆ ಕೆಮ್ಮುತ್ತಿತ್ತು. ಆಗಸ್ಟಿನಲ್ಲಿ ಎದೆಕಫ ಹಿಡಿದು ಮಲಗಿದವಳು ಇನ್ನೂ ಪೂರ್ತಿ ಎದ್ದಿಲ್ಲ. ಮುಂದಿನ ಚಳಿಗಾಲ ನೋಡುತ್ತಾಳೋ ಇಲ್ಲವೋ ಅಂತ ಊರೇ ಮಾತಾಡುತ್ತದೆ. ಹೇಳದೆ ಬಿಟ್ಟರೆ ಏನು ನಷ್ಟ ಅಂತ ನಾನು ಮೆಲ್ಲಗೆ ಕೇಳುತ್ತೇನೆ. ಪತ್ರಿಕೆಯವನ ಬುದ್ಧಿ, ಏನು ಮಾಡುವುದು.

"ನಾನು ಹೋದ ದಿನ ಅಪ್ಪ ಆಚೆ ಲೋಕದ ದೋಣಿಕಟ್ಟೆ ಹತ್ರ ಬಂದು ನಿಂತಿರ್ತಾನೆ ಅಂತ ಆಕೆ ಹೇಳ್ತಾಳೆ ಕಣೋ. ಹನ್ನೊಂದು ವರ್ಷದಿಂದ ಹೇಳ್ತಾಳೆ. ಅಲ್ಲಿ ಹೋದ ಮೇಲೆ ಯಾವನೋ ಬಂದು ನಿಂತಿದ್ರೆ? ಇವಳ ಅಪ್ಪ ಹಿಂದೆ ಎಲ್ಲೋ ನಿಂತು, ನನ್ನ ಮಗಳು ಬೇರೆಯವನ ಕೈ ಹಿಡ್ಕೊಂಡು ಹೋದ್ಲಲ್ಲಾ ಅಂತ ನೋಡ್ತಾ ಇದ್ರೆ? ನೀನು ಹೇಳು, ನಿದ್ದೆ ಬರುತ್ತಾ ನಂಗೆ?"

ಅಕ್ಟೋಬರ್ ಮೂವತ್ತೊಂದರ ಬೆಳಿಗ್ಗೆ, ಗುಡಿಸುವ ಕೆಲಸ ಮುಗಿದ ಮೇಲೆ, ಅವರು ಮೂರೂ ಆಲೂಗಡ್ಡೆಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, "ನೀನೂ ಬಾ. ನೀನಿದ್ರೆ ಹೊಡೆಯಲ್ಲ" ಅನ್ನುತ್ತಾರೆ.

ದಾರಿ ಉದ್ದಕ್ಕೂ ತುಂತುರು ಮಳೆ, ಕಾಲುಗಂಟೆಯ ದಾರಿಗೆ ಮುಕ್ಕಾಲು ಗಂಟೆ. ಮಂಡಿ ನೋವು ಅಂತ ಎರಡು ಕಡೆ ನಿಲ್ಲುತ್ತಾರೆ. ನೋವು ಮಂಡಿಯದಲ್ಲ ಅಂತ ನನಗೂ ಗೊತ್ತು.

*

ಓರ್ಫೆಲಿನಾ ಹುವೆಂಚೂರ್ ಒಲೆಯ ಪಕ್ಕದ ಬೆಂಚಿನ ಮೇಲೆ ಮೂರು ಹೊದಿಕೆ ಹೊದ್ದು ಕೂತಿದ್ದಾರೆ. ಹಿಡಿಯಷ್ಟಿರುವ ಮುದುಕಿ, ಬಾಯಿ ಮಾತ್ರ ಮೂವರಿಗಾಗುವಷ್ಟು.

"ಬಾರೇ ಕಸಬರಿಕೆ! ಹದಿನೈದು ದಿನದಿಂದ ನಮ್ಮ ಬೀದಿಗೆ ಹಾವು ಬಂದಿದೆಯೇನೇ, ಸುತ್ತು ಹಾಕ್ಕೊಂಡು ಓಡಾಡ್ತೀಯಂತೆ? ಇವನ್ಯಾರು, ಮದುವೆ ಆಗ್ತಿದೀಯಾ?"

"ಪತ್ರಿಕೆಯವನು, ಓರ್ಫೆಲಿನಕ್ಕಾ."

"ಥೂ. ಇನ್ನೂ ಚೆನ್ನಾಗಿರೋನು ಸಿಗಲಿಲ್ವಾ?"

ಮಾಟೆ ಪಾನೀಯ ಕೈಯಿಂದ ಕೈಗೆ ಬರುತ್ತದೆ. ಎದುವಿನಕ್ಕ ಒಂದು ಗುಟುಕು ಹೀರಿ ತುಟಿ ಸುಟ್ಟುಕೊಳ್ಳುತ್ತಾರೆ. ಆಮೇಲೆ ಏನೂ ಪೀಠಿಕೆಯಿಲ್ಲದೆ ಆಲೂಗಡ್ಡೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ.

"ಈ ಕಪ್ಪು ಪಾಸ್ಕುವಾಲನ ಮಗ. ಈ ಪುಟ್ಟದು ದೊಮಿಂಗೊನ ಮಗ, ಹನ್ನೊಂದು ತಿಂಗಳಿಗೆ ಹೋದದ್ದು. ಇವೆರಡೇ ಅಂದ್ಕೊಂಡಿದ್ದೆ ನಾನು. ಈ ಕೆಂಪು ಆ ಪುಟ್ಟದರ ತಮ್ಮ. ಅವನಿಗೂ ಅದೇ ಹೆಸರು. ಕಪ್ಪಿನವನು ನೀನು ಹುಟ್ಟೋಕೆ ನಾಲ್ಕು ವರ್ಷ ಮೊದಲೇ ಹೋಗ್ಬಿಟ್ಟಿದ್ದ, ಮದುವೇನೂ ಆಗಿರ್ಲಿಲ್ಲ. ನಿಮ್ಮಪ್ಪ ಈ ಕೆಂಪಿನವನು, ದೊಮಿಂಗೊ ತ್ರಾನ್ಸಿತೊ ಇವರ ಮಗ. ತಪ್ಪು ನನ್ನದು. ನಾನೇ ತಪ್ಪು ಹೇಳಿದ್ದು."

ಒಲೆಯ ಮೇಲಿನ ಕೆಟಲು ಕುದಿಯುತ್ತಾ ಮುಚ್ಚಳ ಕುಣಿಸುತ್ತದೆ. ಯಾರೂ ಇಳಿಸುವುದಿಲ್ಲ.

"ಅಂದ್ರೆ ಹನ್ನೊಂದು ವರ್ಷ ನಾನು ಅಪ್ಪಾ ಅಂದಿದ್ದು ಯಾರಿಗೆ?" ಮುದುಕಿಯ ದನಿ ತೀರಾ ಸಣ್ಣದಾಗಿದೆ.

"ನಿಮ್ಮ ದೊಡ್ಡಪ್ಪನ ಮಗನಿಗೆ... ಅಲ್ಲ, ನಿಮ್ಮಪ್ಪನ ದೊಡ್ಡಪ್ಪನ ಮಗನಿಗೆ."

"ಮಿಲ್ಕಾವ್ ಇಟ್ಟಿದ್ದು?"

"ಅವನಿಗೇ."

"ನಮ್ಮಪ್ಪ?"

ಎದುವಿನಕ್ಕ ಕೆಂಪು ಆಲೂಗಡ್ಡೆಯನ್ನು ಮುದುಕಿಯ ಕಡೆಗೆ ಸರಿಸುತ್ತಾರೆ. ಕಣ್ಣೀರು ಇಳಿಯುತ್ತದೆ. ಓರ್ಫೆಲಿನಾ ಕೈ ಚಾಚಿ ಅದನ್ನು ಎತ್ತಿಕೊಳ್ಳುತ್ತಾರೆ. ಹೆಬ್ಬೆರಳಿನಿಂದ ಅದರ ಮೊಳಕೆ ಮುಟ್ಟಿ ಮುಟ್ಟಿ ನೋಡುತ್ತಾರೆ. ನನಗೆ ಅಲ್ಲಿಂದ ಎದ್ದು ಓಡಬೇಕು ಅನ್ನಿಸುತ್ತದೆ.

"ಹೋಗೇ" ಅನ್ನುತ್ತಾರೆ ಕೊನೆಗೆ.

"ಓರ್ಫೆಲಿನಕ್ಕಾ..."

"ಎದ್ದು ಹೋಗು ಅಂದೆ! ಆಲೂಗಡ್ಡೆ ಇಲ್ಲೇ ಬಿಟ್ಟು ಹೋಗು. ಆ ಕರಿಯ ಹನ್ನೊಂದು ವರ್ಷ ನನ್ನ ರೊಟ್ಟಿ ತಿಂದ. ಇವತ್ತು ನಾನು ಅವನನ್ನ ಬೇಯಿಸ್ಕೊಂಡು ತಿಂತೀನಿ. ಹೋಗು!"

ಹಿಂತಿರುಗುವ ದಾರಿಯಲ್ಲಿ ಎದುವಿನಕ್ಕ ಎಲ್ಲೂ ನಿಲ್ಲುವುದಿಲ್ಲ. ಪಾದ್ರಿಮನೆ ಸೇರಿದ ಮೇಲೆ ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸುತ್ತಾರೆ.

*

ನವೆಂಬರ್ ಒಂದು. ಇಗರ್ಜಿಯ ಮುಂದೆ ಗುರಿಕಾರ ನೊಲ್ಬೆರ್ತೊ ಉನ್‌ಕೆನ್ ಮೇಜು ಹಾಕಿ ಕೂತು ಪಟ್ಟಿಗಳನ್ನು ಪಡೆಯುತ್ತಿದ್ದಾರೆ. ಎದುವಿನಕ್ಕ ಒಳಗೆ ಹದಿನೆಂಟು ಬೆಂಚು ಒರೆಸುವ ನೆಪದಲ್ಲಿ ಬಾಗಿಲ ಹತ್ತಿರದ ಬೆಂಚನ್ನೇ ಐದು ಸಲ ಒರೆಸಿದ್ದಾರೆ. ಹನ್ನೊಂದು ಗಂಟೆ, ಹನ್ನೆರಡು. ಓರ್ಫೆಲಿನಾ ಬರುವುದಿಲ್ಲ. ಒಂದು ಗಂಟೆಗೆ ಪಕ್ಕದ ಮನೆಯವಳ ಕೈಯಲ್ಲಿ ಮಡಚಿದ ಕಾಗದವೊಂದು ಬರುತ್ತದೆ. ಗುರಿಕಾರರು ಬಿಡಿಸಿ ಓದಿ, ಹುಬ್ಬು ಏರಿಸಿ, ಜೇಬಿಗೆ ಹಾಕಿಕೊಳ್ಳುತ್ತಾರೆ.

"ಏನು ಬರ್ದಿದಾಳೆ?" ಎದುವಿನಕ್ಕ ಒರೆಸುವ ಬಟ್ಟೆ ಹಿಡಿದೇ ಓಡುತ್ತಾರೆ.

"ನಾಳೆ ಕೇಳು. ಪಟ್ಟಿ ಸತ್ತೋರದ್ದು, ನಿಂದಲ್ಲ" ಅನ್ನುತ್ತಾರೆ ಗುರಿಕಾರರು. ಮಹಾ ಶಿಸ್ತಿನ ಮನುಷ್ಯ. ಆ ಗಳಿಗೆಯಲ್ಲಿ ಅವರ ಜೇಬಿಗೆ ಕೈ ಹಾಕಿಬಿಡೋಣ ಅನ್ನಿಸಿತ್ತು ನನಗೆ.

ಮಾರನೆಯ ಬೆಳಿಗ್ಗೆ ಇಗರ್ಜಿ ತುಂಬಿದೆ. ಒದ್ದೆ ಉಣ್ಣೆಯ ವಾಸನೆ, ಮೇಣದ ವಾಸನೆ. ಓರ್ಫೆಲಿನಾಳನ್ನು ಇಬ್ಬರು ಕುರ್ಚಿ ಸಮೇತ ಹೊತ್ತು ತಂದು ಮುಂದೆ ಕೂರಿಸಿದ್ದಾರೆ. ಎದುವಿನಕ್ಕ ಕೊನೆಯ ಬೆಂಚಿನಲ್ಲಿ, ನನ್ನ ಪಕ್ಕ. ಹೆಸರುಗಳು ಶುರುವಾಗುತ್ತವೆ. ಒಂದೊಂದು ಹೆಸರಿಗೂ "ಬೆಳಕು ಕಾಣಲಿ." ನಮ್ಮ ಮೂವರು ಕಾಂದೆಲಾರಿಯೊ ಬಂದು ಹೋಗುತ್ತಾರೆ, ತಮ್ಮ ತಮ್ಮ ಅಪ್ಪಂದಿರ ಜೊತೆ ಸರಿಯಾಗಿ. ಎದುವಿನಕ್ಕನ ಉಗುರು ನನ್ನ ತೋಳಿಗೆ ನಾಟುತ್ತಿದೆ.

"ಓರ್ಫೆಲಿನಾ ಹುವೆಂಚೂರ್ ಮನೆಯ ಪಟ್ಟಿ" ಅನ್ನುತ್ತಾರೆ ಗುರಿಕಾರರು. ಕನ್ನಡಕ ಸರಿಮಾಡಿಕೊಳ್ಳುತ್ತಾರೆ. "ಹೊಸೆ ದಾಮಸೊ ಹುವೆಂಚೂರ್, ದೊಮಿಂಗೊ ಮತ್ತು ತ್ರಾನ್ಸಿತೊ ಇವರ ಮಗ, ಓರ್ಫೆಲಿನಾಳ ತಂದೆ."

ಎಂಬತ್ನಾಲ್ಕು ವರ್ಷದ ನಂತರ, ಆ ಹೆಸರು ಪೂರ್ತಿಯಾಗಿ, ಸರಿಯಾಗಿ. ಎದುವಿನಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. "ಬೆಳಕು ಕಾಣಲಿ" ಅಂತ ನಾನು ಇಬ್ಬರ ಪರವಾಗಿಯೂ ಜೋರಾಗಿ ಅನ್ನುತ್ತೇನೆ.

ಗುರಿಕಾರರು ಮುಂದಿನ ಪಟ್ಟಿಗೆ ಹೋಗುವುದಿಲ್ಲ. "ಹೊಸೆ ದಾಮಸೊ ಹುವೆಂಚೂರ್, ಪಾಸ್ಕುವಾಲ್ ಮತ್ತು ಬಾರ್ತೋಲಾ ಇವರ ಮಗ, ಅವಿವಾಹಿತ." ಮತ್ತೆ, "ಹೊಸೆ ದಾಮಸೊ ಹುವೆಂಚೂರ್, ದೊಮಿಂಗೊ ಮತ್ತು ತ್ರಾನ್ಸಿತೊ ಇವರ ಮಗ, ಹನ್ನೊಂದು ತಿಂಗಳ ಮಗು."

ಮೂರೂ ಆಲೂಗಡ್ಡೆ.

ಹೊರಗೆ ಬಂದ ಮೇಲೆ ಎದುವಿನಕ್ಕ ಆ ಕುರ್ಚಿಯ ಮುಂದೆ ಹೋಗಿ ನಿಲ್ಲುತ್ತಾರೆ, ಶಾಲೆಯಲ್ಲಿ ಪೆಟ್ಟು ತಿನ್ನಲು ನಿಂತ ಹುಡುಗಿಯ ಹಾಗೆ.

"ಬೇಯಿಸ್ಲಿಲ್ಲ ಕಣೇ" ಅನ್ನುತ್ತಾರೆ ಓರ್ಫೆಲಿನಾ. "ಪಾತ್ರೆಗೆ ಹಾಕೋಕೆ ಹೋದೆ. ಆಮೇಲೆ ಯೋಚ್ನೆ ಬಂತು. ಆ ಕರಿಯನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಕೊಟ್ಟಿಗೇಲಿ ಸತ್ತ. ನನ್ನ ಬಿಟ್ಟು ಇನ್ನಾರು ಕರೆದ್ರು ಅವನನ್ನ? ಹನ್ನೊಂದು ವರ್ಷ ನನ್ನ ಮೇಣದಬತ್ತಿಯಲ್ಲಿ ಮೇಲೆ ಹತ್ತಿರ್ತಾನೆ ಬಡ್ಡಿಮಗ. ಈಗ ಅವನೇ ಕೈ ಕೊಟ್ಟು ನಮ್ಮಪ್ಪನ್ನ ಎಳ್ಕೊಳ್ಲಿ."

ಎದುವಿನಕ್ಕ ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತು ಜೋರಾಗಿ ಅಳುತ್ತಾರೆ.

"ಏಳೇ, ಮಂಡಿಗೆ ಥಂಡಿ ಹತ್ತುತ್ತೆ. ಇ‌ನ್ನು ಗೋರಿ ಮೇಲಿನ ಹೆಸರು ಅಳಿಸಿ ಬರೆಯೋದ್ಯಾರು, ನಿಮ್ಮಪ್ಪನಾ?"

ಮಧ್ಯಾಹ್ನ ಬಿಳಿ ಬಣ್ಣದ ಡಬ್ಬಿ ಹಿಡಿದು ಸ್ಮಶಾನಕ್ಕೆ ಹೋದವರಲ್ಲಿ ನಾನೂ ಒಬ್ಬ. ಮರದ ಮನೆಯ ಮೇಲೆ ಎದುವಿನಕ್ಕ ತಾವೇ ಕುಂಚ ಹಿಡಿದು ಬರೆಯುತ್ತಾರೆ, ಒಂದೊಂದು ಅಕ್ಷರ ಬರೆದು ಹಿಂದೆ ಸರಿದು ನೋಡುತ್ತಾರೆ. ಹಳೆಯದನ್ನು ಅಳಿಸಿಲ್ಲ. ಪಾಸ್ಕುವಾಲನ ಮಗನೂ ಇರಲಿ, ಅವನಿಗೂ ಗೋರಿ ಇಲ್ಲ ಅಂತ ಓರ್ಫೆಲಿನಾ ಆಮೇಲೆ ಹೇಳಿ ಕಳಿಸಿದ್ದಾರೆ.

ಮುಗಿದ ಮೇಲೆ ಲೇಖನದ ಕೊನೆಗೆ ಏನು ಬರೆಯಲಿ, ನಿಮ್ಮದೇನಾದರೂ ಆಸೆ ಇದೆಯಾ ಅಂತ ಕೇಳುತ್ತೇನೆ.

"ನನ್ನ ತಪ್ಪನ್ನ ಬರಿ. ಬಿಟ್ಟುಬಿಟ್ಟೀಯ ಮತ್ತೆ" ಅನ್ನುತ್ತಾರೆ. ಕುಂಚವನ್ನು ಹುಲ್ಲಿಗೆ ಒರೆಸುತ್ತಾರೆ. ಎರಡು ಹೆಜ್ಜೆ ಆಚೆ ಒಂದು ಪುಟ್ಟ ಗೋರಿಯಿದೆ, ಪಾಚಿ ಹಿಡಿದದ್ದು. ಅದರ ಮೇಲೆ ಮಾಸಿದ ಅಕ್ಷರದಲ್ಲಿ ‘ಎದುವಿನಾ ರೆಮೋಲ್ಕಾಯ್, ಒಂದೂವರೆ ವರ್ಷ’ ಅಂತ ಬರೆದಿದೆ. ಅದನ್ನು ನೋಡುತ್ತಾ ಹೇಳುತ್ತಾರೆ.

"ಇನ್ನೊಂದು. ನಾನು ಹೋದಾಗ ನನ್ನ ಹೆಸರಿನ ಪಕ್ಕ ‘ಎರಡನೆಯವಳು’ ಅಂತ ಬರೆಸೋ. ಇಲ್ದಿದ್ರೆ ಮುಂದೆ ಯಾವಳೋ ಕಸಬರಿಕೆ ಬಂದು ಪುಸ್ತಕ ನೋಡಿ, ನನ್ನನ್ನ ಒಂದೂವರೆ ವರ್ಷಕ್ಕೇ ಸಾಯಿಸಿಬಿಡ್ತಾಳೆ."